ಬರೆ ಕುಸಿಯುವ ಮೊದಲು ಕೊಡಬೇಕಾದ ಅರ್ಜಿ

ಮಡಿಕೇರಿಯಲ್ಲಿ ಮನೆ ಕಟ್ಟಬೇಕಾದರೆ ಗುಡ್ಡದ ಮಣ್ಣು ತೆಗೆಯಲೇಬೇಕು. ಮೇಲಿನವರ ಅಂಗಳದ ಅಂಚು ಕೆಳಗಿನವರ ಹಿತ್ತಿಲಿಗೆ ಬರೆ, ಅಂದರೆ ಮಣ್ಣು ಕಡಿದ ಕಡಿದಾದ ಇಳಿಜಾರು, ಆಗುತ್ತದೆ. ಮೇಲಿನ ರಸ್ತೆಯ ಚರಂಡಿ ಕಟ್ಟಿಕೊಂಡರೆ ನೀರು ಕೆಳಗಿನ ಮನೆಯ ಗೋಡೆಗೇ ಇಳಿಯುತ್ತದೆ. 2018ರ ಆಗಸ್ಟ್ ಮಳೆಯಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರದ ಜನ ಪಟ್ಟ ಪಾಡನ್ನು ಕೊಡಗು ಮರೆತಿಲ್ಲ. ಕುಸಿದ ಮೇಲೆ ಪರಿಹಾರಕ್ಕಾಗಿ ಓಡಾಡುವುದು ಎಲ್ಲರಿಗೂ ಗೊತ್ತು. ಕುಸಿಯುವ ಮೊದಲೇ ಬಳಸಬಹುದಾದ ಕಾನೂನುಗಳಿವೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

23 ವಾರ್ಡುಗಳ ಮಡಿಕೇರಿ ನಗರಸಭೆ ನಡೆಯುವುದು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ. ಬೀದಿದೀಪ, ಚರಂಡಿ, ಕಸ ವಿಲೇವಾರಿ ನಗರಸಭೆ ನಮಗೆ ಮಾಡುವ ಉಪಕಾರವಲ್ಲ, ಅದರ ಕಡ್ಡಾಯ ಕರ್ತವ್ಯ. ಆದರೆ ಸಣ್ಣ ನಗರದವರಿಗೆ ಇಲ್ಲಿ ಒಂದು ಕೊರತೆಯಿದೆ. ಸಂವಿಧಾನದ 243ಎಸ್ ವಿಧಿಯಂತೆ ವಾರ್ಡ್ ಸಮಿತಿ ಕಡ್ಡಾಯವಾಗುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33 ಸಾವಿರದ ಆಸುಪಾಸು. ಹೀಗಾಗಿ ಇಲ್ಲಿನ ನಿವಾಸಿಗೆ ಲಿಖಿತ ಅರ್ಜಿಯೇ ದೊಡ್ಡ ಬಲ. ಸದಸ್ಯರಿಗೆ ಫೋನಿನಲ್ಲಿ ಹೇಳಿದ್ದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದ್ದು ಮುಂದೆ ಮೇಲ್ಮನವಿಗೆ ಹೋದಾಗ ಕೈಹಿಡಿಯುವುದು ಕಷ್ಟ.

ಪಕ್ಕದ ನಿವೇಶನದಲ್ಲಿ ಜೆಸಿಬಿ ಬಂದು ಬರೆಯನ್ನು ನೆಟ್ಟಗೆ ಕಡಿದು ಹೋಗಿದೆ, ತಡೆಗೋಡೆ ಕಟ್ಟಿಲ್ಲ ಎಂದಿಟ್ಟುಕೊಳ್ಳಿ. ಮೊದಲು ಪೌರಾಯುಕ್ತರಿಗೆ ಬರೆಯಿರಿ. ಜಾಗದ ಗುರುತು, ಮಣ್ಣು ತೆಗೆದ ದಿನಾಂಕ, ಅಪಾಯದಲ್ಲಿರುವ ಮನೆಗಳ ವಿವರ ಇರಲಿ, ಫೋಟೊ ಲಗತ್ತಿಸಿ. ಕುಸಿಯುವಂತಿರುವ ಗೋಡೆ, ಕಟ್ಟಡಗಳನ್ನು ದುರಸ್ತಿ ಮಾಡಿಸಲು ಅಥವಾ ತೆರವುಗೊಳಿಸಲು ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ನಗರಸಭೆಗಿದೆ. ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಅಲ್ಲಿ ಕೆಲಸವಾಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ 2024ರ ಜುಲೈ 1ರಿಂದ ಈ ಸಂಖ್ಯೆಗೆ ಬಂದಿದೆ. ಬಿದ್ದು ಸುತ್ತಮುತ್ತಲ ಜನರಿಗೆ ಅಪಾಯ ತರಬಹುದಾದ ಕಟ್ಟಡ ಅಥವಾ ಮರ, ದಾರಿಯ ಪಕ್ಕದಲ್ಲಿ ಬೇಲಿಯಿಲ್ಲದೆ ಬಿಟ್ಟ ಗುಂಡಿ, ಸಾರ್ವಜನಿಕರಿಗೆ ಉಪದ್ರವವಾಗುವ ಚರಂಡಿ, ಇವುಗಳ ಬಗ್ಗೆ ಉಪವಿಭಾಗಾಧಿಕಾರಿಯವರು ದಂಡಾಧಿಕಾರಿಯಾಗಿ ಷರತ್ತಿನ ಆದೇಶ ಹೊರಡಿಸಬಹುದು. ತಕ್ಷಣದ ಅಪಾಯವಿದ್ದರೆ ವಿಚಾರಣೆ ಮುಗಿಯುವವರೆಗೆ ತಡೆಯಾಜ್ಞೆ ಕೊಡುವ ಅಧಿಕಾರವೂ ಅವರಿಗಿದೆ. ಇದು ಇಬ್ಬರ ನಡುವಿನ ಗಡಿ ಜಗಳಕ್ಕೆ ಇರುವ ಕಲಂ ಅಲ್ಲ, ಅದಕ್ಕೆ ಸಿವಿಲ್ ನ್ಯಾಯಾಲಯವಿದೆ. ಆದ್ದರಿಂದ ಬರೆಯ ಕೆಳಗಿರುವ ಮನೆಯವರೆಲ್ಲ ಸೇರಿ ಸಹಿ ಹಾಕುವುದು ಒಳ್ಳೆಯದು.

ನಗರಸಭೆಯೇ ತಪ್ಪು ಮಾಡಿದ್ದರೂ ಈ ದಾರಿ ಮುಚ್ಚಿಲ್ಲ. ಮಧ್ಯಪ್ರದೇಶದ ರತ್ಲಾಮ್‌ನ ಒಂದು ವಾರ್ಡಿನ ಜನ ತೆರೆದ ಚರಂಡಿಯ ಕೊಳಕು ತಾಳಲಾರದೆ ಇದೇ ಹಳೆಯ 133ನೇ ಕಲಂ ಹಿಡಿದು ದಂಡಾಧಿಕಾರಿಯ ಮುಂದೆ ಹೋಗಿದ್ದರು. ಹಣವಿಲ್ಲ ಎಂದು ಪುರಸಭೆ ವಾದಿಸಿತು. ಹಣದ ಕೊರತೆಯನ್ನು ಮುಂದೊಡ್ಡಿ ಶಾಸನಬದ್ಧ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ‘ಅನುದಾನ ಬಂದಿಲ್ಲ’ ಎಂಬ ಉತ್ತರ ಸಿಕ್ಕಾಗಲೆಲ್ಲ ಈ ತೀರ್ಪನ್ನು ಅರ್ಜಿಯಲ್ಲಿ ಧೈರ್ಯವಾಗಿ ಉಲ್ಲೇಖಿಸಿ.

ಸರ್ಕಾರಿ ಹಣದಲ್ಲಿ ಕಟ್ಟಿದ ತಡೆಗೋಡೆ ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟರೆ ಮಾಹಿತಿ ಹಕ್ಕು ಅಧಿನಿಯಮ, 2005ನ್ನು ಬಳಸಿ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ಪ್ರತಿ ಕೇಳಿ. ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಈ ಕಾಯ್ದೆಯಲ್ಲಿದೆ. ಇದನ್ನು ಬಳಸುವವರು ತೀರಾ ಕಡಿಮೆ, ಅದು ದುಃಖದ ಸಂಗತಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಖಾತೆ ಬದಲಾವಣೆ, ನಲ್ಲಿ ಸಂಪರ್ಕ, ಕಟ್ಟಡ ಪರವಾನಗಿಯಂಥ ಕೆಲಸಗಳಿಗೆ, ಗಡುವಿನೊಳಗೆ ಸೇವೆ ಕೊಡಿಸುವ ರಾಜ್ಯದ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟಾಗ ಸಿಗುವ 15 ಅಂಕಿಗಳ ಸಂಖ್ಯೆಯನ್ನು ಜೋಪಾನ ಮಾಡಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೇಳಬಹುದು. ಮೊತ್ತ ಸಣ್ಣದು, ಆದರೆ ಅದು ಹೋಗುವುದು ತಡಮಾಡಿದ ನೌಕರರ ಸಂಬಳದಿಂದ. ಅಂದಹಾಗೆ, ಖಾತೆ ತೆರಿಗೆಯ ದಾಖಲೆ ಮಾತ್ರ. ಖಾತೆಯಾದ ಮಾತ್ರಕ್ಕೆ ಇಳಿಜಾರಿನ ಅನಧಿಕೃತ ಕಟ್ಟಡ ಸಕ್ರಮವಾಗುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಮನೆ ಕೊಳ್ಳುವವರು ಮಂಜೂರಾದ ನಕ್ಷೆಯನ್ನು ಕೇಳಿ ನೋಡಲೇಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು, ಪ್ರವಾಹದಂಥ ವಿಪತ್ತಿಗೆ ಸಿಲುಕಿದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಬರೆಯ ಬಗ್ಗೆ ಬರೆಯುವ ಅರ್ಜಿಯನ್ನು ಮಾತ್ರ ಏಪ್ರಿಲ್‌ನಲ್ಲೇ ಕೊಡಿ. ಮಳೆ ಹಿಡಿದ ಮೇಲೆ ತಡೆಗೋಡೆಗೆ ಪಾಯ ತೋಡಲಾಗುವುದಿಲ್ಲ.