ಸಭೆಗೂ ಕರೆಯಿರಿ

ಜಯನಗರ, ಬನಶಂಕರಿಗಳ ಕಡೆ ಉದ್ಯಮ ನಡೆಸುತ್ತಿರುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಪ್ರಿಂಟರು ಮುನಿದಾಗ, ಪಾಸ್‌ವರ್ಡು ಮರೆತಾಗ ಮಾತ್ರ ಸ್ಮರಣೆಗೆ ಬರುವ ನಿಮ್ಮ ಐಟಿ ವಿಭಾಗದವರನ್ನು, ಮುಂದಿನ ವರ್ಷದ ವ್ಯವಹಾರವನ್ನು ಚಿಂತಿಸುವ ಸಭೆಗೂ ಕರೆಯಿರಿ. ನಿರ್ಣಯವೆಲ್ಲ ಮುಗಿದ ಮೇಲಲ್ಲ, ಆರಂಭದಲ್ಲಿಯೇ.

ಗಣಕವು ನೀತಿಯೊಡನೆ ಬೆರೆತಾಗ ಏನಾಗುವುದೆಂಬುದಕ್ಕೆ ನಮ್ಮ ರಾಜ್ಯದ ಜಮೀನು ದಾಖಲೆಗಳ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ಸಾಮಾನ್ಯ ಶ್ರಮವಲ್ಲ; ಆದರೂ ಅದು ನಿರ್ವಹಣೆಯ ಕಾರ್ಯವೇ. ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದುಕೊಡುವ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸರಕಾರವು ವಿಧಿಸಿ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯುವಂತೆ ಮಾಡಿ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಹೆಣೆದಾಗಷ್ಟೇ ಯಂತ್ರವು ಆಡಳಿತದ ನೀತಿಯಾಗಿ ಪರಿಣಮಿಸಿತು. ಹಳೆಯ ಪದ್ಧತಿಯೂ ಪಕ್ಕದಲ್ಲೇ ಉಳಿದಿದ್ದರೆ ಗಣಕವು ದುಬಾರಿಯ ಬೆರಳಚ್ಚುಯಂತ್ರವಾಗಿ ಕುಳಿತಿರುತ್ತಿತ್ತು.

ಹಾಗೆಂದು ನಿತ್ಯದ ದುರಸ್ತಿಯನ್ನು ಕೀಳೆಂದು ಭಾವಿಸಲಾಗದು. ಬ್ಯಾಕಪ್ ತೆಗೆಯದವನ ದೂರದೃಷ್ಟಿಯನ್ನು ನಾನಂತೂ ನಂಬೆನು. ಐಟಿ ಕೆಲಸಕ್ಕೆ ಒಬ್ಬನೇ ಹುಡುಗನಿರುವ ಸಣ್ಣ ಸಂಸ್ಥೆಯಾದರೆ, ವಾರಕ್ಕೊಂದು ಅಪರಾಹ್ನ ಅವನನ್ನು ದೂರುಗಳಿಂದ ಬಿಡಿಸಿ, ಗಲ್ಲಾದಿಂದ ಗೋದಾಮಿನವರೆಗೆ ಸುತ್ತಿ ಬರಲು ಹೇಳಿ. ಒಂದೇ ಲೆಕ್ಕವನ್ನು ಎಷ್ಟು ಜನ ಎಷ್ಟು ಸಲ ಬರೆಯುತ್ತಿರುವರೆಂಬುದನ್ನು ಅವನು ಒಂದು ಕಾಗದದಲ್ಲಿ ಗುರುತುಹಾಕಿ ತರಲಿ. ಮುಂದಿನ ಸಭೆ ಆ ಕಾಗದದಿಂದಲೇ ಆರಂಭವಾಗಲಿ.