ಎರಡನೆಯ ಗಿಟಾರಿನ ಆಯ್ಕೆ

ಗಿಟಾರು ನುಡಿಸಲು ಕಲಿಯತೊಡಗುವ ವಿದ್ಯಾರ್ಥಿಗಳು ಮೊದಲು ಕೊಳ್ಳುವ ವಾದ್ಯವು ಸಾಮಾನ್ಯವಾಗಿ ಅಗ್ಗದ್ದಾಗಿರುತ್ತದೆ. ಕಲಿಕೆ ಮುಂದುವರಿಯುವುದೋ ಇಲ್ಲವೋ ತಿಳಿಯದಿರುವಾಗ ಹೆಚ್ಚು ಹಣ ತೊಡಗಿಸದಿರುವುದು ವಿವೇಕವೇ ಸರಿ. ಕೆಲವು ತಿಂಗಳು ಕಳೆದು, ಬೆರಳುಗಳು ಪಳಗಿ, ನಾಲ್ಕಾರು ಹಾಡುಗಳು ಕೈಗೆ ಹತ್ತಿದ ಮೇಲೆ ಇದಕ್ಕಿಂತ ಉತ್ತಮವಾದುದೊಂದು ಬೇಕೆಂಬ ಆಸೆ ಹುಟ್ಟುತ್ತದೆ. ಆಗ ಅಂಗಡಿಯಲ್ಲಿ ಕಾಣುವುದೇನು? ನೋಟಕ್ಕೆ ಒಂದೇ ಬಗೆಯ ಹತ್ತಾರು ಗಿಟಾರುಗಳು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಈ ಬೆಲೆಯಲ್ಲಿ ನಾದಕ್ಕೆ ಸಲ್ಲುವ ಪಾಲೆಷ್ಟು, ಅಲಂಕಾರಕ್ಕೆ ಸಲ್ಲುವ ಪಾಲೆಷ್ಟು ಎಂದು ತಿಳಿಯುವುದು ಹೇಗೆ?

ಇದು ಹಣದ ಪ್ರಶ್ನೆ ಮಾತ್ರವಲ್ಲ. ತಂತಿಗಳು ಎತ್ತರವಾಗಿರುವ, ಸ್ವರ ತಪ್ಪುವ ವಾದ್ಯವನ್ನು ನುಡಿಸುವ ವಿದ್ಯಾರ್ಥಿಯು ಬೆರಳಿನ ನೋವನ್ನೂ ಅಪಸ್ವರವನ್ನೂ ತನ್ನ ಅಯೋಗ್ಯತೆಯೆಂದೇ ಎಣಿಸಿ ಕಲಿಕೆಯನ್ನು ಬಿಟ್ಟುಬಿಡುವುದುಂಟು. ದೋಷವು ಕೈಯದೋ ವಾದ್ಯದ್ದೋ ಎಂದು ಬೇರ್ಪಡಿಸಿ ನೋಡುವುದೇ ಮೊದಲ ಕೆಲಸ. ಅದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಎರಡು ಕಿವಿ, ಮತ್ತು ತರಗತಿಯಲ್ಲಿ ಕಲಿತ ಭೌತಶಾಸ್ತ್ರ.

ತಂತಿಯ ನಿಯಮಗಳು

ಪ್ರಯೋಗಶಾಲೆಯ ಸೋನೋಮೀಟರನ್ನು ವಾಚಕರು ಬಲ್ಲರು. ಗಿಟಾರು ಒಂದೇ ಪೆಟ್ಟಿಗೆಯ ಮೇಲೆ ಕಟ್ಟಿದ ಆರು ಸೋನೋಮೀಟರುಗಳೇ. ತಂತಿಯ ಕಂಪನಸಂಖ್ಯೆಯು ಅದರ ಉದ್ದಕ್ಕೆ ವಿಲೋಮವಾಗಿಯೂ, ಬಿಗಿತದ ವರ್ಗಮೂಲಕ್ಕೆ ನೇರವಾಗಿಯೂ, ಏಕಮಾನ ಉದ್ದದ ತೂಕದ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ಈ ನಿಯಮಗಳನ್ನು ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿಯು 1636ರಲ್ಲಿ ಪ್ರಕಟಿಸಿದನು.

ಗಿಟಾರಿನ ತಂತಿಯ ಉದ್ದವು ಸುಮಾರು 650 ಮಿ.ಮೀ. ಅತ್ಯಂತ ತೆಳುವಾದ ತಂತಿಯನ್ನು ಸೆಕೆಂಡಿಗೆ 329.6 ಕಂಪನಗಳಿಗೆ ಶ್ರುತಿ ಮಾಡುತ್ತಾರೆ. ಆ ಉಕ್ಕಿನ ತಂತಿಯ ವ್ಯಾಸವು 0.30 ಮಿ.ಮೀ. ಆಗಿದ್ದರೆ ಬೇಕಾಗುವ ಬಿಗಿತವು ಸುಮಾರು 10.4 ಕಿಲೋಗ್ರಾಂ ಭಾರಕ್ಕೆ ಸಮ. ವ್ಯಾಸವು 0.25 ಮಿ.ಮೀ. ಆದರೆ ಅದೇ ಸ್ವರಕ್ಕೆ 7.2 ಕಿಲೋಗ್ರಾಂ ಸಾಕು. ಅಂದರೆ ತಂತಿ ಬದಲಾಯಿಸಿದಷ್ಟರಿಂದಲೇ ಬೆರಳಿನ ಮೇಲಣ ಹೊರೆ ಸುಮಾರು ಮೂರನೆಯ ಒಂದು ಭಾಗ ಇಳಿಯಿತು. ನಾದವು ಸ್ವಲ್ಪ ಕ್ಷೀಣಿಸುವುದು ನಿಜ. ಆದರೆ ಕಲಿಯುವವರಿಗೆ ಈ ವಿನಿಮಯವು ಲಾಭದ್ದೇ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಉಕ್ಕಿನ ತಂತಿಗಳ ಗಿಟಾರಿನಲ್ಲಿ ಆರೂ ತಂತಿಗಳ ಒಟ್ಟು ಎಳೆತವು ಸುಮಾರು 70 ಕಿಲೋಗ್ರಾಂ. ನೈಲಾನ್ ತಂತಿಗಳದರಲ್ಲಿ ಸುಮಾರು 40. ನೈಲಾನಿಗಾಗಿ ಕಟ್ಟಿದ ವಾದ್ಯಕ್ಕೆ ಉಕ್ಕಿನ ತಂತಿ ಏರಿಸಿದರೆ ಕುದುರೆಯು ಕಿತ್ತುಬರಬಹುದು, ಮೇಲುಹಲಗೆಯು ಉಬ್ಬಬಹುದು.

ಮೆಟ್ಟಿಲುಗಳ ಲೆಕ್ಕ

ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಕುಶಲಿಯು ಅವನ್ನು ಸರಿಸಿ ಮತ್ತೆ ಕೂರಿಸಬಲ್ಲನು. ಗಿಟಾರಿನ ಮೆಟ್ಟಿಲುಗಳಾದರೋ ಮರದ ಸೀಳಿನಲ್ಲಿ ಬಡಿದು ನಿಲ್ಲಿಸಿದ ಲೋಹದ ಪಟ್ಟಿಗಳು. ಕಾರ್ಖಾನೆಯಲ್ಲಿ ತಪ್ಪಿದ ಸ್ಥಾನವನ್ನು ಕೊಂಡವರು ತಿದ್ದಲಾರರು. ಆದಕಾರಣ ಈ ಪರೀಕ್ಷೆಗೆ ಮೊದಲ ಸ್ಥಾನ.

ಗಿಟಾರಿನಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಾನ ಅನುಪಾತಗಳಾಗಿ ವಿಭಾಗಿಸಿದೆ. ಹನ್ನೆರಡು ಸಲ ತನ್ನಿಂದ ತಾನೇ ಗುಣಿಸಿದಾಗ 2 ಆಗುವ ಸಂಖ್ಯೆಯು 1.0595. ಇದರಿಂದ ಹೊರಡುವ ನಿಯಮವು ಸುಲಭವಾದುದು: ಉಳಿದಿರುವ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರವು ದೊರೆಯುತ್ತದೆ. 650 ಮಿ.ಮೀ. ತಂತಿಯಲ್ಲಿ ಮೊದಲನೆಯ ಅಂತರವು 36.5, ಎರಡನೆಯದು 34.4 ಮಿ.ಮೀ. ಹನ್ನೆರಡನೆಯ ಮೆಟ್ಟಿಲು ಸರಿಯಾಗಿ 325 ಮಿ.ಮೀ. ದೂರದಲ್ಲಿ, ಎಂದರೆ ನಟ್ಟನಡುವೆ ಬೀಳುತ್ತದೆ. ಗೆಲಿಲಿಯೋವಿನ ತಂದೆಯೂ ಲೂಟ್ ವಾದಕನೂ ಆಗಿದ್ದ ವಿಂಚೆಂಜೊ ಗೆಲಿಲಿಯು 1581ರಲ್ಲಿ ಇದಕ್ಕಾಗಿ 18 ಎಂಬ ಭಾಜಕವನ್ನು ಸೂಚಿಸಿದ್ದನು. ಅದನ್ನು ಅನುಸರಿಸಿದರೆ ಹನ್ನೆರಡನೆಯ ಮೆಟ್ಟಿಲು 322.6 ಮಿ.ಮೀ.ನಲ್ಲಿ ನಿಲ್ಲುತ್ತದೆ, ನಡುವಿಗೆ 2.4 ಮಿ.ಮೀ. ಕಡಿಮೆ.

ಈಗ ಪರೀಕ್ಷೆ. ಹನ್ನೆರಡನೆಯ ಮೆಟ್ಟಿಲಿನ ನೇರ ಮೇಲೆ ತಂತಿಯನ್ನು ಒತ್ತದೆ, ಬೆರಳನ್ನು ಹಗುರವಾಗಿ ತಾಗಿಸಿ ಮೀಟಿ, ಕೂಡಲೇ ಬೆರಳನ್ನು ತೆಗೆಯಿರಿ. ತಂತಿಯ ನಡುವೆ ನಿಷ್ಪಂದವೊಂದು ಏರ್ಪಟ್ಟು, ಗಂಟೆಯಂಥ ತಾರಸ್ವರವು ಕೇಳುತ್ತದೆ. ಅನಂತರ ಅದೇ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಮೀಟಿರಿ. ಎರಡೂ ಒಂದೇ ಸ್ವರವಾಗಿರಬೇಕು. ಒತ್ತಿದ ಸ್ವರವು ಏರಿದ್ದರೆ ತಂತಿಯು ಅತಿ ಎತ್ತರದಲ್ಲಿದೆ, ಇಲ್ಲವೆ ಕುದುರೆಯ ಸ್ಥಾನವು ತಪ್ಪಿದೆ. ಒತ್ತಿದಾಗ ತಂತಿಯು ತುಸು ಹಿಗ್ಗಿ ಬಿಗಿತ ಹೆಚ್ಚುವುದೇ ಈ ಏರಿಕೆಗೆ ಕಾರಣ. ಇದನ್ನು ಸರಿದೂಗಿಸಲೆಂದೇ ಕುದುರೆಯ ಮೇಲಿನ ಬಿಳಿಯ ಪಟ್ಟಿಯನ್ನು ಲೆಕ್ಕದ ಸ್ಥಾನಕ್ಕಿಂತ ತುಸು ಹಿಂದಕ್ಕೆ, ದಪ್ಪ ತಂತಿಗಳ ಕಡೆಗೆ ಇನ್ನೂ ಹಿಂದಕ್ಕೆ, ಓರೆಯಾಗಿ ಕೂರಿಸಿರುತ್ತಾರೆ. ಆರು ತಂತಿಗಳನ್ನೂ ಹೀಗೆ ಪರೀಕ್ಷಿಸಬೇಕು. ಬಳಿಕ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಒತ್ತಿ ಮೀಟುತ್ತಾ ಹೋಗಿ, ಎಲ್ಲಿಯಾದರೂ ತಂತಿಯು ಲೋಹಕ್ಕೆ ತಾಗಿ ಜುಂಯ್‌ಗುಡುವುದೇ ಎಂದು ಆಲಿಸಬೇಕು.

ತಂತಿಯ ಎತ್ತರ

ಹನ್ನೆರಡನೆಯ ಮೆಟ್ಟಿಲಿನ ಮೇಲುತುದಿಗೂ ತಂತಿಯ ಅಡಿಗೂ ನಡುವಣ ಎಡೆಯನ್ನು ಅಳೆಯಿರಿ. ಉಕ್ಕಿನ ತಂತಿಗಳ ಗಿಟಾರಿನಲ್ಲಿ ದಪ್ಪ ತಂತಿಗೆ ಸುಮಾರು 2.5, ತೆಳು ತಂತಿಗೆ ಸುಮಾರು 2 ಮಿ.ಮೀ. ಇದ್ದರೆ ಕೈಗೆ ಹಿತ. ಅಗ್ಗದ ವಾದ್ಯಗಳಲ್ಲಿ ಇದು 4 ಮಿ.ಮೀ.ವರೆಗೆ ಹೋಗುವುದುಂಟು.

ಇಲ್ಲಿ ಸಮರೂಪ ತ್ರಿಕೋನಗಳು ನೆರವಿಗೆ ಬರುತ್ತವೆ. ತಂತಿಯ ಒಂದು ತುದಿಯು ಬಿರಡೆಗಳ ಬಳಿಯ ಗೀರುಪಟ್ಟಿಯಲ್ಲಿ ಸ್ಥಿರವಾಗಿದೆ. ಹನ್ನೆರಡನೆಯ ಮೆಟ್ಟಿಲು ಅರ್ಧ ದೂರದಲ್ಲಿದೆ. ಆದ್ದರಿಂದ ಕುದುರೆಯ ಬಿಳಿಯ ಪಟ್ಟಿಯನ್ನು 1 ಮಿ.ಮೀ. ಉಜ್ಜಿ ತಗ್ಗಿಸಿದರೆ ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿಯು ಅರ್ಧ ಮಿ.ಮೀ. ಇಳಿಯುತ್ತದೆ. ವಾದ್ಯ ರಿಪೇರಿ ಬಲ್ಲವರಿಗೆ ಇದು ಅಲ್ಪಕಾಲದ ಕೆಲಸ. ಹಳೆಯ ಗಿಟಾರು ಮೆಟ್ಟಿಲುಗಳ ಪರೀಕ್ಷೆಯಲ್ಲಿ ಗೆದ್ದು ಎತ್ತರದಲ್ಲಿ ಮಾತ್ರ ಸೋತಿದ್ದರೆ, ಹೊಸದನ್ನು ಕೊಳ್ಳುವ ಮೊದಲು ಈ ಚಿಕಿತ್ಸೆಯನ್ನು ಮಾಡಿಸಿ ನೋಡುವುದು ಲೇಸು. ಬಿಳಿಯ ಪಟ್ಟಿಯು ಆಗಲೇ ಕುದುರೆಯ ಮಟ್ಟಕ್ಕೆ ಇಳಿದಿದ್ದು ತಂತಿಯು ಇನ್ನೂ ಎತ್ತರದಲ್ಲಿಯೇ ಇದ್ದರೆ, ಕೊರಳಿನ ಕೋನವೇ ಕೆಟ್ಟಿದೆಯೆಂದು ತಿಳಿಯಬೇಕು. ಅಂಥ ವಾದ್ಯವನ್ನು, ಅದು ಹೊಸದೇ ಆಗಿರಲಿ, ಕೊಳ್ಳಬಾರದು.

ನಾದ ಹುಟ್ಟುವ ಹಲಗೆ

ತೆಳುವಾದ ತಂತಿಯು ಗಾಳಿಯನ್ನು ಸೀಳಿಕೊಂಡು ಹೋಗುವುದೇ ಹೊರತು ಅದನ್ನು ತಳ್ಳಲಾರದು. ತಂತಿಯ ಕಂಪನವನ್ನು ಕುದುರೆಯ ಮೂಲಕ ಪಡೆದು ಗಾಳಿಗೆ ಕೊಡುವುದು ಮೇಲುಹಲಗೆ. ಅದು 70 ಕಿಲೋಗ್ರಾಂ ಎಳೆತವನ್ನು ತಾಳುವಷ್ಟು ಬಿರುಸಾಗಿಯೂ, ಸಣ್ಣ ಕಂಪನಕ್ಕೂ ಅಲುಗುವಷ್ಟು ಹಗುರವಾಗಿಯೂ ಇರಬೇಕು. ಈ ಎರಡು ಗುಣಗಳೂ ಕೂಡಿರುವ ಮರವೆಂದರೆ ಶೀತದೇಶಗಳ ಸ್ಪ್ರೂಸ್. ನೀರಿನ ಅರ್ಧಕ್ಕಿಂತ ಕಡಿಮೆ ಸಾಂದ್ರತೆಯ ಈ ಮರದಲ್ಲಿ ಎಳೆಯ ಗುಂಟ ಶಬ್ದದ ವೇಗವು ಸೆಕೆಂಡಿಗೆ 5000 ಮೀಟರುಗಳಿಗೂ ಮಿಕ್ಕದ್ದು. ಉಕ್ಕಿನಲ್ಲಿಯೂ ಹೆಚ್ಚುಕಡಿಮೆ ಇಷ್ಟೇ.

ಅಗ್ಗದ ಗಿಟಾರುಗಳ ಮೇಲುಹಲಗೆಯು ಪದರಗಳನ್ನು ಅಂಟಿಸಿ ಮಾಡಿದ ಪ್ಲೈವುಡ್. ಅದರಲ್ಲಿ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದು ಸೀಳದು, ತೇವಕ್ಕೂ ಅಷ್ಟಾಗಿ ಅಳುಕದು. ಆದರೆ ತೂಕಕ್ಕೆ ತಕ್ಕ ಬಿರುಸು ಉದ್ದದ ದಿಕ್ಕಿನಲ್ಲಿ ಕಡಿಮೆಯಾಗಿ ನಾದವು ಮಂಕಾಗುತ್ತದೆ. ಮೊದಲನೆಯ ಗಿಟಾರಿಗಿಂತ ಎರಡನೆಯದು ಮೇಲಾಗಬೇಕಾದುದು ಮುಖ್ಯವಾಗಿ ಈ ವಿಷಯದಲ್ಲಿ. ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ: ಮೇಲಿನ ಎಳೆಗೆರೆಗಳು ಅಂಚಿನ ದಪ್ಪದಲ್ಲಿಯೂ ಮುಂದುವರಿದಿದ್ದರೆ ಅದು ಇಡಿಯ ಹಲಗೆ, ಅಂಚಿನಲ್ಲಿ ಪದರಗಳು ಕಂಡರೆ ಪ್ಲೈವುಡ್.

ಹಿಂಬದಿ ಮತ್ತು ಪಕ್ಕಗಳ ಮರಕ್ಕೆ ಅಷ್ಟು ಮಹತ್ವವಿದೆಯೆ? ಸ್ಪೇನಿನ ಪ್ರಸಿದ್ಧ ಗಿಟಾರು ಶಿಲ್ಪಿ ಆಂತೋನಿಯೊ ದೆ ತೊರೆಸ್ ಎಂಬಾತನು 1862ರಲ್ಲಿ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮೇಲುಹಲಗೆಯನ್ನು ಮಾತ್ರ ಮರದಿಂದ ರಚಿಸಿ, ನಾದದ ಮೂಲವು ಎಲ್ಲಿದೆಯೆಂದು ತೋರಿಸಿದನು. ಆ ವಾದ್ಯವು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ಹಿಂಬದಿ ಮತ್ತು ಪಕ್ಕಗಳ ಮರವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿಯೂ ಒಂದೇ ಆದ ಆರು ಗಿಟಾರುಗಳನ್ನು, ಮರವು ಕಣ್ಣಿಗೆ ಕಾಣದಂತೆ ಏರ್ಪಡಿಸಿ, 52 ವಾದಕರಿಂದ ನುಡಿಸಿದರು. ಅವರು ಕೊಟ್ಟ ಅಂಕಗಳಲ್ಲಿ ಹೆಚ್ಚಿನ ಭೇದವೇನೂ ಕಾಣಲಿಲ್ಲ. ಆ ಆರು ಮರಗಳಲ್ಲಿ ನಮ್ಮ ಮಲೆನಾಡಿನವರು ಬೀಟೆಯೆಂದು ಕರೆಯುವ ಭಾರತೀಯ ರೋಸ್‌ವುಡ್ ಸಹ ಒಂದು. ಬೀಟೆಯ ಹಿಂಬದಿಯು ಕಣ್ಣಿಗೆ ಅಂದ, ನಿಜ. ಆದರೆ ಮಿತವಾದ ಹಣವುಳ್ಳ ವಿದ್ಯಾರ್ಥಿಯು ಆ ಅಂದಕ್ಕಾಗಿ ಇಡಿಯ ಮೇಲುಹಲಗೆಯನ್ನು ಬಿಟ್ಟುಕೊಡಬಾರದು.

ಹೋಲಿಸುವ ಕ್ರಮ

ಕಡೆಯದಾಗಿ ಪ್ರಯೋಗದ ನಿಯಮವೊಂದನ್ನು ನೆನಪಿಗೆ ತರುತ್ತೇವೆ: ಎರಡು ವಸ್ತುಗಳನ್ನು ಹೋಲಿಸುವಾಗ ಪರೀಕ್ಷಿಸಬೇಕಾದ ಅಂಶವೊಂದನ್ನು ಬಿಟ್ಟು ಉಳಿದುವೆಲ್ಲ ಸಮವಾಗಿರಬೇಕು. ಬೆವರು, ಧೂಳು, ತುಕ್ಕು ಹಿಡಿದ ಹಳೆಯ ತಂತಿಯಲ್ಲಿ ಮೇಲಿನ ಉಪಸ್ವರಗಳು ಬೇಗನೆ ಅಡಗುತ್ತವೆ. ಹಳೆಯ ತಂತಿಗಳ ನಮ್ಮ ಗಿಟಾರನ್ನು ಹೊಸ ತಂತಿಗಳ ಅಂಗಡಿಯ ಗಿಟಾರಿನೊಡನೆ ಹೋಲಿಸಿದರೆ ನಾವು ಹೋಲಿಸಿದ್ದು ತಂತಿಗಳನ್ನೇ ಹೊರತು ವಾದ್ಯಗಳನ್ನಲ್ಲ. ಆದುದರಿಂದ ಮೊದಲು ಹಳೆಯದಕ್ಕೆ ಹೊಸ ತಂತಿ ಕಟ್ಟಿ ಒಂದು ವಾರ ನುಡಿಸಿರಿ. ಅಂಗಡಿಗೆ ಗೆಳೆಯರೊಬ್ಬರನ್ನು ಕರೆದೊಯ್ದು, ನೀವು ಬೆನ್ನು ತಿರುಗಿಸಿ ನಿಂತು, ಅವರಿಂದ ಒಂದೇ ಹಾಡನ್ನು ಮೂರು ನಾಲ್ಕು ಗಿಟಾರುಗಳಲ್ಲಿ ನುಡಿಸಿ ಕೇಳಿರಿ. ಬೆಲೆಯ ಚೀಟಿಯು ಕಾಣದಿದ್ದಾಗ ಕಿವಿಯು ಕೊಡುವ ತೀರ್ಪನ್ನು ನಂಬಬಹುದು. ಪೆಟ್ಟಿಗೆ ದೊಡ್ಡದಾದಷ್ಟೂ ಮಂದ್ರಸ್ವರಗಳು ತುಂಬಿ ಬರುತ್ತವೆಯಾದರೂ, ಕುಳಿತಾಗ ತೋಳಿಗೆ ಎಟುಕದ ಪೆಟ್ಟಿಗೆಯಿಂದ ಅಭ್ಯಾಸ ಕುಂಠಿತವಾಗುತ್ತದೆ.

ಕೊಂಡ ಮೇಲಿನ ಪಾಲನೆಯೂ ಮುಖ್ಯ. ಮರವು ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇಡಿಯ ಹಲಗೆಯು ಉಬ್ಬಿ ತಂತಿಗಳು ಎತ್ತರವಾಗಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ಬಿರುಕು ಬಿಡಬಹುದು. ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 45ರಿಂದ 55ರವರೆಗೆ ಇರುವುದು ವಾದ್ಯಕ್ಕೆ ಹಿತ. ಗೋಡೆಗೆ ಒರಗಿಸಿಡದೆ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ಒಳ್ಳೆಯದು.

ಮೇಲಿನ ಪರೀಕ್ಷೆಗಳನ್ನೆಲ್ಲ ವಾಚಕರು ಮೊದಲು ತಮ್ಮ ಹಳೆಯ ಗಿಟಾರಿನ ಮೇಲೆಯೇ ಮಾಡಿ, ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಆ ಅಳತೆಗಳೊಡನೆ ಅಂಗಡಿಗೆ ಹೋದರೆ ಕೊಟ್ಟ ಹಣಕ್ಕೆ ತಕ್ಕ ವಾದ್ಯವು ದೊರೆಯುತ್ತದೆ. ಹೊಸತು ಬೇಡವೆಂದು ಅಳತೆಗಳೇ ಹೇಳಿದರೆ ಆ ಹಣ ಉಳಿಯುತ್ತದೆ.