ದೊಡ್ಡ ಮೆಷೀನ್‌ಗೆ ಮೊದಲು ಮನೆಯ ಮೆಷೀನ್: ಎಸ್ಪ್ರೆಸೊ ಕಲಿಯುವ ಮಾಲಕರಿಗೆ ಕೆಲವು ಪಾಠಗಳು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ನಮ್ಮವರ ಹೊಟೇಲೆಂದರೆ ಜನರಿಗೆ ಮೊದಲು ನೆನಪಾಗುವುದು ಇಡ್ಲಿ, ದೋಸೆ ಮತ್ತು ಫಿಲ್ಟರ್ ಕಾಫಿ. ಈಗ ಗಿರಾಕಿಗಳು, ಅದರಲ್ಲೂ ಕಾಲೇಜು ಹುಡುಗರು ಮತ್ತು ಆಫೀಸಿನ ಮಂದಿ, ಕ್ಯಾಪುಚಿನೊ ಇದೆಯೇ, ಲ್ಯಾಟೆ ಇದೆಯೇ ಎಂದು ಕೇಳುತ್ತಾರೆ. ಗಲ್ಲೆಯಲ್ಲಿ ಕೂರಲು ಬಂದ ನಮ್ಮ ಮಕ್ಕಳೂ "ಒಂದು ಎಸ್ಪ್ರೆಸೊ ಮೆಷೀನ್ ಹಾಕೋಣ" ಎನ್ನುತ್ತಾರೆ. ಆಸೆ ತಪ್ಪಲ್ಲ. ಆದರೆ ಪ್ರದರ್ಶನದಲ್ಲಿ ನೋಡಿ, ಲಕ್ಷಗಟ್ಟಲೆ ಹಣ ಕೊಟ್ಟು ಮೆಷೀನ್ ತಂದು, ತರಬೇತಿ ಪಡೆದ ಹುಡುಗ ಕೆಲಸ ಬಿಟ್ಟ ಮೇಲೆ ಅದಕ್ಕೆ ಬಟ್ಟೆ ಹೊದಿಸಿ ಇಟ್ಟಿರುವ ಹೊಟೇಲುಗಳೂ ನಮ್ಮ ನಡುವೆ ಇವೆ.

ಭಟ್ಟರು ಊರಿಗೆ ಹೋದ ದಿನ ನಮ್ಮ ಮಾಲಕರು ತಾವೇ ಕಾವಲಿಯ ಮುಂದೆ ನಿಲ್ಲಬಲ್ಲರು. ಏಕೆಂದರೆ ಹೆಚ್ಚಿನವರು ಆ ಕೆಲಸ ಕಲಿತೇ ಮೇಲೆ ಬಂದವರು. ಎಸ್ಪ್ರೆಸೊ ವಿಷಯದಲ್ಲೂ ಇದೇ ನಿಯಮ ಇರಬೇಕೆಂಬುದು ನಮ್ಮ ಅಭಿಪ್ರಾಯ. ಮಾಲಕನ ಕೈಗೆ ಬಾರದ ಕೆಲಸ ಗಲ್ಲೆಗೆ ಭಾರ. ಆದ್ದರಿಂದ ಹೊಟೇಲಿಗೆ ದೊಡ್ಡ ಮೆಷೀನ್ ತರುವ ಮೊದಲು ಮನೆಯಲ್ಲಿ ಒಂದು ಚಿಕ್ಕ ಮೆಷೀನ್ ಇಟ್ಟುಕೊಂಡು ಎರಡು ಮೂರು ತಿಂಗಳು ಕಲಿಯುವುದು ಒಳ್ಳೆಯದು. ಆ ಚಿಕ್ಕ ಮೆಷೀನನ್ನು ಆರಿಸುವುದು ಮತ್ತು ಬಳಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಯಾವುದು ಎಸ್ಪ್ರೆಸೊ?

ನಮ್ಮ ದೇಶದಲ್ಲಿ ಈ ಹೆಸರಿನ ಬಗ್ಗೆಯೇ ಗೊಂದಲವಿದೆ. ಮದುವೆ ಮನೆಗಳಲ್ಲಿ, ಮುಖ್ಯವಾಗಿ ಉತ್ತರ ಭಾರತದ ಕಡೆ, ಇನ್‌ಸ್ಟಂಟ್ ಪುಡಿ, ಸಕ್ಕರೆ ಮತ್ತು ಹಾಲಿಗೆ ಹಬೆ ಹಾಯಿಸಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಡುವ ನೊರೆ ಕಾಫಿಯನ್ನು ಎಸ್ಪ್ರೆಸೊ ಎನ್ನುವುದು ರೂಢಿ. ಕೇಟರಿಂಗ್ ಮಾಡುವ ನಮ್ಮವರಿಗೆ ಆ ಹಬೆ ಮೆಷೀನ್ ಚಿರಪರಿಚಿತ. ಆದರೆ ಈಗ ಕ್ಯಾಪುಚಿನೊ ಕೇಳುವ ಗಿರಾಕಿ ಬಯಸುವುದು ಅದನ್ನಲ್ಲ.

ನಿಜವಾದ ಎಸ್ಪ್ರೆಸೊ ಎಂದರೆ ನುಣ್ಣಗೆ ಬೀಸಿದ ಕಾಫಿಪುಡಿಯ ಮೂಲಕ ಬಿಸಿನೀರನ್ನು ಒತ್ತಡದಿಂದ ಹಾಯಿಸಿ, ಅರ್ಧ ನಿಮಿಷದೊಳಗೆ ಇಳಿಸುವ ಗಟ್ಟಿ ಕಾಫಿ. ಇದು ಹುಟ್ಟಿದ್ದು ಇಟಲಿಯಲ್ಲಿ. 1884ರಲ್ಲಿ ಟುರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಹಬೆಯಿಂದ ಸಿಗುತ್ತಿದ್ದ ಒತ್ತಡ ಕಡಿಮೆ. 1948ರಲ್ಲಿ ಮಿಲಾನಿನ ಅಕಿಲೆ ಗಾಜಿಯಾ ಅವರ ಸನ್ನೆಕೋಲಿನ ಯಂತ್ರ ಬಂದ ಮೇಲೆ ಹೆಚ್ಚಿನ ಒತ್ತಡ ಸಾಧ್ಯವಾಗಿ, ಕಾಫಿಯ ಮೇಲೆ ಹೊಂಬಣ್ಣದ ದಪ್ಪ ನೊರೆ ಕಾಣಿಸಿಕೊಂಡಿತು. ಅದಕ್ಕೆ ಕ್ರೆಮಾ ಎನ್ನುತ್ತಾರೆ. 1961ರಲ್ಲಿ ಬಂದ ಫೇಮಾ ಇ-61 ಮೆಷೀನಿನಲ್ಲಿ ಕೈಬಲದ ಬದಲು ವಿದ್ಯುತ್ ಪಂಪ್ ಆ ಕೆಲಸ ಮಾಡಿತು. ಇಂದಿನ ಮೆಷೀನುಗಳೆಲ್ಲ ಬಹುಪಾಲು ಇದೇ ತತ್ವದವು.

ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಭಾರದಿಂದ ತಾನೇ ನಿಧಾನವಾಗಿ ಇಳಿಯುತ್ತದೆ, ಪುಡಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಎಸ್ಪ್ರೆಸೊದಲ್ಲಿ ಸುಮಾರು 9 ಬಾರ್ ಒತ್ತಡ ಇರುವುದರಿಂದ ಒಂದು ಗ್ರಾಂ ಪುಡಿಯ ವ್ಯತ್ಯಾಸವೂ ರುಚಿಯಲ್ಲಿ ತಿಳಿಯುತ್ತದೆ. ಕಲಿಕೆ ಬೇಕಾಗುವುದು ಇದಕ್ಕಾಗಿಯೇ.

ಮೆಷೀನ್ ಆರಿಸುವಾಗ

ಪೆಟ್ಟಿಗೆಯ ಮೇಲೆ 15 ಬಾರ್, 20 ಬಾರ್ ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ಅದು ಪಂಪ್ ಕೊಡಬಲ್ಲ ಗರಿಷ್ಠ ಒತ್ತಡ. ಕಾಫಿಗೆ ಬೇಕಾದದ್ದು 9 ಬಾರ್ ಮಾತ್ರ. ಆದ್ದರಿಂದ ಆ ಅಂಕಿ ನೋಡಿ ಮರುಳಾಗಬೇಕಿಲ್ಲ. ನೋಡಬೇಕಾದ ಸಂಗತಿಗಳು ಇವು:

1. ಬಾಸ್ಕೆಟ್: ಪುಡಿ ತುಂಬುವ ತೂತಿನ ಬಟ್ಟಲು ಎರಡು ಬಗೆ. ಎರಡು ಪದರದ ಬಟ್ಟಲಿನ ಹೊರತಳಕ್ಕೆ ಒಂದೇ ಸಣ್ಣ ತೂತು ಇರುತ್ತದೆ. ಪುಡಿ ಹೇಗೇ ಇದ್ದರೂ ಅದು ಮೇಲೆ ನೊರೆ ತೋರಿಸುತ್ತದೆ, ಆದ್ದರಿಂದ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ಕಲಿಯುವವರಿಗೆ ಒಂದೇ ಪದರದ ಬಟ್ಟಲೇ ಗುರು. ಅದು ಜೊತೆಯಲ್ಲಿ ಬರುತ್ತದೆಯೇ ಅಥವಾ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ ತಿಳಿಯಿರಿ.

2. ಹಿಡಿಕೆಯ ಅಳತೆ: ಬಟ್ಟಲನ್ನು ಕೂರಿಸುವ ಹಿಡಿಕೆಗೆ ಪೋರ್ಟಾಫಿಲ್ಟರ್ ಎನ್ನುತ್ತಾರೆ. ಡೆಲಾಂಗಿ ಡೆಡಿಕಾದಲ್ಲಿ ಇದು 51 ಮಿ.ಮೀ., ಬ್ರೆವಿಲ್ ಬ್ಯಾಂಬಿನೊದಲ್ಲಿ 54 ಮಿ.ಮೀ., ಗಾಜಿಯಾ ಕ್ಲಾಸಿಕ್‌ನಲ್ಲಿ 58 ಮಿ.ಮೀ. ಹೊಟೇಲಿನ ದೊಡ್ಡ ಮೆಷೀನುಗಳಲ್ಲಿ ಹೆಚ್ಚಿನವು 58 ಮಿ.ಮೀ. ಇರುವುದರಿಂದ, ಮುಂದೆ ದೊಡ್ಡದನ್ನು ತರುವ ಯೋಚನೆ ಇದ್ದವರಿಗೆ ಆ ಅಳತೆಯಲ್ಲಿ ಕೈ ಪಳಗುವುದು ಅನುಕೂಲ.

3. ನೀರು ಕಾಯುವ ಬಗೆ: ಥರ್ಮೋಬ್ಲಾಕ್ ಇರುವ ಮೆಷೀನ್ ಒಂದು ನಿಮಿಷದೊಳಗೆ ಸಿದ್ಧ. ಚಿಕ್ಕ ಬಾಯ್ಲರ್ ಇರುವುದಾದರೆ ದೀಪ ಬೇಗ ಹತ್ತಿದರೂ, ಹಿಡಿಕೆಯ ಲೋಹ ಚೆನ್ನಾಗಿ ಕಾಯಲು 15-20 ನಿಮಿಷ ಬಿಡಬೇಕು. ಇಂಥ ಮೆಷೀನುಗಳಲ್ಲಿ ಕಾಫಿ ಇಳಿಸಿದ ಮೇಲೆ ಹಬೆಗಾಗಿ ಸ್ವಲ್ಪ ಕಾಯಬೇಕಾಗುತ್ತದೆ.

4. ಹಬೆ ಕೊಳವೆ: ಅತ್ತಿತ್ತ ತಿರುಗುವ, ಬರಿಯ ಉಕ್ಕಿನ ಕೊಳವೆ ಇರಲಿ. ಪ್ಲಾಸ್ಟಿಕ್ ತೋಳು ಹಾಕಿದ ಕೊಳವೆ ತಾನೇ ನೊರೆ ಮಾಡುತ್ತದೆ, ಆದರೆ ಕೈಗೆ ವಿದ್ಯೆ ಹತ್ತುವುದಿಲ್ಲ.

5. ಸರ್ವಿಸ್ ಮತ್ತು ವಿದ್ಯುತ್: ನಿಮ್ಮ ಊರಿನಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ, ರಬ್ಬರ್ ಗ್ಯಾಸ್ಕೆಟ್ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿ. ಮೆಷೀನಿಗೆ ಅರ್ತಿಂಗ್ ಸರಿಯಿರುವ ಪವರ್ ಪ್ಲಗ್ ಬೇಕು. ಎಕ್ಸ್‌ಟೆನ್ಶನ್ ವೈರ್ ಬೇಡ.

ಗ್ರೈಂಡರ್ ಮರೆಯಬೇಡಿ

ಹೆಚ್ಚಿನವರು ಎಡವುವುದು ಇಲ್ಲಿ. ಇದ್ದ ಹಣವನ್ನೆಲ್ಲ ಮೆಷೀನಿಗೆ ಹಾಕಿ, ಪುಡಿಯನ್ನು ಅಂಗಡಿಯಿಂದ ತರುತ್ತಾರೆ. ಬೀಸಿದ ಕಾಫಿಯ ಪರಿಮಳ ಬೇಗ ಹೋಗುತ್ತದೆ. ಅಲ್ಲದೆ ಎಸ್ಪ್ರೆಸೊಗೆ ಪುಡಿಯ ನುಣುಪನ್ನು ದಿನದಿನವೂ ಕೂದಲೆಳೆಯಷ್ಟು ಬದಲಿಸುತ್ತಿರಬೇಕು. ಮಸಾಲೆ ಪುಡಿ ಮಾಡುವ ಬ್ಲೇಡಿನ ಮಿಕ್ಸಿಯಿಂದ ಇದು ಆಗದು. ಅದರಲ್ಲಿ ಅರ್ಧ ಹಿಟ್ಟಾದರೆ ಅರ್ಧ ರವೆಯಾಗುತ್ತದೆ. ಬರ್ ಎಂಬ ಹಲ್ಲಿನ ಚಕ್ರಗಳಿರುವ ಗ್ರೈಂಡರ್ ಬೇಕು. ಮನೆಯ ಕಲಿಕೆಗೆ ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ಆದರೂ ಸಾಕು. ಒಟ್ಟು ಬಜೆಟ್ಟಿನಲ್ಲಿ ಮೂರನೇ ಒಂದು ಪಾಲನ್ನಾದರೂ ಇದಕ್ಕೆ ಮೀಸಲಿಡಿ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿಯೂ ಬೇಕು.

ಬೀಜ ನಮ್ಮ ನಾಡಿನದೇ

ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಭಾರತದ ಕಾಫಿಯನ್ನು ಬಹಳವಾಗಿ ಕೊಳ್ಳುವ ದೇಶಗಳಲ್ಲಿ ಇಟಲಿಯೇ ಮುಂದು. ನಮ್ಮ ರೊಬಸ್ಟಾ ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ದಪ್ಪ ಕ್ರೆಮಾ ಮತ್ತು ಗಟ್ಟಿತನ ಕೊಡುತ್ತದೆ. ಆದ್ದರಿಂದ ವಿದೇಶಿ ಡಬ್ಬಿ ಹುಡುಕಬೇಕಿಲ್ಲ. ಅರೇಬಿಕಾ 70-80 ಪಾಲು, ತೊಳೆದು ಒಣಗಿಸಿದ ಒಳ್ಳೆಯ ರೊಬಸ್ಟಾ 20-30 ಪಾಲು ಇರುವ ಮಿಶ್ರಣದಿಂದ ಆರಂಭಿಸಿದರೆ ಹಾಲಿನ ಜೊತೆಗೂ ಚೆನ್ನಾಗಿ ಹೊಂದುತ್ತದೆ.

ಹುರಿದ ದಿನಾಂಕ ಮುದ್ರಿಸಿದ ಪೊಟ್ಟಣವನ್ನೇ ಕೊಳ್ಳಿ. ಹುರಿದು ಒಂದು ವಾರ ಕಳೆದ ಮೇಲೆ ಬಳಸಲಾರಂಭಿಸಿ, ಒಂದು ತಿಂಗಳೊಳಗೆ ಮುಗಿಸುವುದು ಲೇಸು. ತೀರ ಹೊಸ ಬೀಜದಲ್ಲಿ ಗ್ಯಾಸ್ ತುಂಬಿದ್ದು ಕಾಫಿ ಸಮನಾಗಿ ಇಳಿಯುವುದಿಲ್ಲ. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಯನ್ನು ಮಾತ್ರ ಮೆಷೀನಿಗೆ ಹಾಕಲೇಬಾರದು. ಚಿಕೋರಿ ನೀರು ಕುಡಿದು ಅಂಟಂಟಾಗಿ ಬಟ್ಟಲಿನ ಸಣ್ಣ ತೂತುಗಳನ್ನು ಕಟ್ಟಿಬಿಡುತ್ತದೆ. ಅದರ ಜಾಗ ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ.

ಇಳಿಸುವ ಕ್ರಮ

ಮೊದಲು ಬಟ್ಟಲು, ಹಿಡಿಕೆ, ಕಪ್ ಎಲ್ಲವನ್ನೂ ಬಿಸಿ ಮಾಡಿಕೊಳ್ಳಿ. ಬಟ್ಟಲನ್ನು ಒರೆಸಿ, ಅದರ ಅಳತೆಗೆ ತಕ್ಕಂತೆ 16 ಅಥವಾ 18 ಗ್ರಾಂ ಪುಡಿಯನ್ನು ತೂಗಿ ಹಾಕಿ. ಗಂಟುಗಳನ್ನು ಬಿಡಿಸಿ, ಸಮತಟ್ಟು ಮಾಡಿ, ಟ್ಯಾಂಪರಿನಿಂದ ನೇರವಾಗಿ ಒತ್ತಿ. ಎಷ್ಟು ಬಲವಾಗಿ ಒತ್ತಿದಿರಿ ಎನ್ನುವುದಕ್ಕಿಂತ ಓರೆಯಾಗದಂತೆ ಒತ್ತಿದಿರಾ ಎಂಬುದು ಮುಖ್ಯ. ಓರೆಯಾದರೆ ನೀರು ಸುಲಭದ ದಾರಿ ಹುಡುಕಿ ಒಂದೇ ಕಡೆ ಹರಿಯುತ್ತದೆ.

ಕಪ್ಪನ್ನು ತಕ್ಕಡಿಯ ಮೇಲಿಟ್ಟು ಸ್ವಿಚ್ ಒತ್ತಿ, ಗಡಿಯಾರ ನೋಡಿ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಇದು ಆರಂಭದ ಲೆಕ್ಕ. 15 ಸೆಕೆಂಡಿಗೇ ಇಳಿದು, ತೆಳ್ಳಗೆ, ಹುಳಿಯಾಗಿದ್ದರೆ ಪುಡಿ ಇನ್ನಷ್ಟು ನುಣ್ಣಗಾಗಬೇಕು. 40 ಸೆಕೆಂಡಾದರೂ ಹನಿಹನಿಯಾಗಿ ಇಳಿದು, ಕಹಿಯಾಗಿ ಬಾಯಿ ಒಗರಾದರೆ ಸ್ವಲ್ಪ ತರಿಯಾಗಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ. ಪುಡಿಯ ತೂಕ, ನುಣುಪು, ಒತ್ತುವಿಕೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಪ್ರತಿದಿನದ ತೂಕ, ಸಮಯ, ರುಚಿಯನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮುಂಬಯಿಯಂಥ ಊರಿನ ಮಳೆಗಾಲದಲ್ಲಿ ಬೀಜವನ್ನು ಗ್ರೈಂಡರಿನಲ್ಲೇ ಬಿಡದೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಹಾಲು

ಹಾಲನ್ನು ಉಕ್ಕುವವರೆಗೆ ಕಾಯಿಸುವುದು ನಮ್ಮ ಅಭ್ಯಾಸ. ಇಲ್ಲಿ ಹಾಗಲ್ಲ. ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನು ಫ್ರಿಜ್ಜಿನಿಂದ ತಣ್ಣಗೆ ತೆಗೆದು ಉಕ್ಕಿನ ಜಗ್ಗಿಗೆ ಅರ್ಧದಷ್ಟು ಹಾಕಿ. ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಗೆ ಬಿಟ್ಟು, ತುದಿಯನ್ನು ಹಾಲಿನ ಮೇಲ್ಮೈಗಿಂತ ತುಸುವೇ ಕೆಳಗೆ ಹಿಡಿದು ಕೆಲವು ಸೆಕೆಂಡು ಗಾಳಿ ಸೇರಿಸಿ. ನಂತರ ಸ್ವಲ್ಪ ಆಳಕ್ಕಿಳಿಸಿ, ಹಾಲು ಸುಳಿಯಂತೆ ತಿರುಗಲು ಬಿಡಿ. 60-65 ಡಿಗ್ರಿ ಮುಟ್ಟಿದಾಗ, ಅಂದರೆ ಜಗ್ಗನ್ನು ಅಂಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದಾಗ, ನಿಲ್ಲಿಸಿ. ಅದಕ್ಕಿಂತ ಬಹಳ ಮೇಲೆ ಹೋದರೆ ನೊರೆ ಒಡೆದು, ಹಾಲಿನ ಸಿಹಿ ಹೋಗುತ್ತದೆ. ಕ್ಯಾಪುಚಿನೊ ಬಿಸಿ ಇಲ್ಲವೆಂದು ಗಿರಾಕಿ ದೂರುವುದುಂಟು. ಅದಕ್ಕೆ ಪರಿಹಾರ ಹಾಲು ಕುದಿಸುವುದಲ್ಲ, ಕಪ್ಪನ್ನು ಚೆನ್ನಾಗಿ ಬಿಸಿ ಮಾಡಿ ತಡಮಾಡದೆ ಕೊಡುವುದು.

ನೀರು ಮತ್ತು ಶುಚಿತ್ವ

ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟಿ ಮೆಷೀನ್ ಕೆಡುತ್ತದೆ. ಹಾಗೆಂದು ಖನಿಜವೆಲ್ಲ ತೆಗೆದ ಆರ್‌ಓ ನೀರಿನಲ್ಲಿ ಕಾಫಿ ಸಪ್ಪೆ. ನೀರಿನ ಟಿಡಿಎಸ್ 75ರಿಂದ 250ರೊಳಗೆ, 150ರ ಆಸುಪಾಸಿನಲ್ಲಿದ್ದರೆ ರುಚಿಗೆ ಒಳ್ಳೆಯದು. ಆದರೂ ಮೀಟರಿನ ಅಂಕಿಯೊಂದರಿಂದ ಗಡಸುತನ ತಿಳಿಯದು, ಅದನ್ನು ಬೇರೆಯಾಗಿ ಪರೀಕ್ಷಿಸಿ. ಕಂಪೆನಿ ಹೇಳಿದ ಅವಧಿಗೆ ಸುಣ್ಣ ತೆಗೆಯುವ ದ್ರಾವಣ ಬಳಸಿ.

ಪ್ರತಿ ಬಾರಿ ಹಾಲು ನೊರೆ ಮಾಡಿದ ತಕ್ಷಣ ಕೊಳವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಹಬೆ ಬಿಡಿ. ದಿನದ ಕೊನೆಗೆ ಬಟ್ಟಲು, ಹಿಡಿಕೆ, ಮೇಲಿನ ಜಾಲರಿಯನ್ನು ತೊಳೆಯಿರಿ. ಕಾಫಿಯ ಎಣ್ಣೆ ಹಳಸಿದರೆ ಮರುದಿನದ ಕಪ್ ಕೆಡುತ್ತದೆ.

ಕೊನೆಗೆ ಲೆಕ್ಕ

ಮನೆಯ ಮೆಷೀನನ್ನು ನೇರವಾಗಿ ಹೊಟೇಲಿನ ಕೌಂಟರಿನಲ್ಲಿ ಇಡುವ ಯೋಚನೆ ಬೇಡ. ಹೊಸಬರ ಕೈಯಲ್ಲಿ ಒಂದು ಕ್ಯಾಪುಚಿನೊಗೆ ನಾಲ್ಕೈದು ನಿಮಿಷ ಬೇಕು. ಸಂಜೆಯ ರಷ್‌ನಲ್ಲಿ ಹತ್ತು ಮಂದಿ ನಿಂತರೆ ಅದು ಸುಧಾರಿಸದು. ವ್ಯಾಪಾರಕ್ಕೆ ಬಳಸಿದರೆ ವಾರಂಟಿಯೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅದು ಶಾಲೆ, ಅಂಗಡಿಯಲ್ಲ.

ಆ ಶಾಲೆಯಲ್ಲಿ ಕಲಿತ ಲೆಕ್ಕ ಹೊಟೇಲಿಗೆ ಉಪಯೋಗ. ಕಪ್ಪಿಗೆ 18 ಗ್ರಾಂನಂತೆ ಒಂದು ಕೆ.ಜಿ. ಬೀಜಕ್ಕೆ ಸುಮಾರು 55 ಕಪ್. ಪ್ರತಿದಿನ ಬೆಳಿಗ್ಗೆ ಗ್ರೈಂಡರ್ ಹೊಂದಿಸಲು ಮೂರು ಸಲ ಇಳಿಸಿ ಚೆಲ್ಲಬೇಕೆಂದರೆ 54 ಗ್ರಾಂ ಖರ್ಚು. ದಿನಕ್ಕೆ 20 ಕಪ್ ಮಾರಿದರೆ ಈ ನಷ್ಟ ಮಾರಿದ ಕಾಫಿಯ ನೂರಕ್ಕೆ 15 ಪಾಲು. ಐದೇ ಕಪ್ ಮಾರಿದರೆ ನೂರಕ್ಕೆ 60 ಪಾಲು! ಮೆಷೀನ್ ಮಾರುವವರು ಈ ಲೆಕ್ಕವನ್ನು ತಾವಾಗಿ ಹೇಳುವುದು ಅಪರೂಪ. ನಿಮ್ಮ ಊರಿನ ಬೀಜದ ದರ, ಹಾಲು, ವಿದ್ಯುತ್, ಹುಡುಗನ ಸಂಬಳ ಸೇರಿಸಿ ನೀವೇ ಕೂಡಿ ನೋಡಿ.

ಮೂರು ತಿಂಗಳ ನಂತರ ನಿಮ್ಮ ಕೈಯಿಂದ ಸತತವಾಗಿ ಹತ್ತು ಕಪ್ ಒಂದೇ ರುಚಿಯಲ್ಲಿ ಇಳಿದರೆ, ದಿನಕ್ಕೆ ಎಷ್ಟು ಗಿರಾಕಿ ಕೇಳುತ್ತಾರೆಂಬುದು ಗಲ್ಲೆಯಲ್ಲಿ ಬರೆದಿಟ್ಟ ಚೀಟಿಯಿಂದ ಖಚಿತವಾದರೆ, ಆಗ ದೊಡ್ಡ ಮೆಷೀನ್ ನೋಡಲು ಹೊರಡಿ. ಪ್ರದರ್ಶನದಲ್ಲಿ ಅವರು ಇಳಿಸಿ ಕೊಟ್ಟ ಕಪ್ ಕುಡಿದು ಬರಬೇಡಿ, ನೀವೇ ಇಳಿಸಿ ನೋಡಿ. ಲೆಕ್ಕ ಕೂಡದಿದ್ದರೆ ಬೇಸರ ಬೇಡ. ಮನೆಮಂದಿಗೆ ಒಳ್ಳೆಯ ಕಾಫಿ ಸಿಕ್ಕಿತು, ಲಕ್ಷಗಳು ಉಳಿದವು, ನಮ್ಮ ಹಿತ್ತಾಳೆ ಲೋಟದ ಕಾಫಿಯಂತೂ ಎಲ್ಲಿಯೂ ಹೋಗಿಲ್ಲ.